ಫಾರ್ಮ್ಯಾಟ್ ಹೊಡೆಯುವ ಮುಂಚೆ

ಹಳೇ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆದು ಹೊಸ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕುವುದು ಈಗ ದೊಡ್ಡ ಕೆಲಸವೇನಲ್ಲ. ಒಂದು ಪೆನ್‌ಡ್ರೈವ್, ಒಂದು ಮಧ್ಯಾಹ್ನದ ಪುರುಸೊತ್ತು ಇದ್ದರೆ ಯಾರು ಬೇಕಾದರೂ ಮಾಡಬಹುದು. ನಾನು ಹೇಳಬೇಕು ಅಂದುಕೊಂಡಿರುವುದು ಅದಕ್ಕೂ ಮುಂಚಿನ ಕೆಲಸದ ಬಗ್ಗೆ. ಕನ್ನಡದಲ್ಲಿ ಕೆಲಸ ಮಾಡಿದ ಹಳೇ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಬರೀ ಕಾಪಿ ಮಾಡಿಟ್ಟುಕೊಂಡರೆ ಸಾಲದು. ಬ್ಯಾಕಪ್ ತಗೊಂಡಿದ್ದೀನಿ ಅಂತ ನೆಮ್ಮದಿಯಾಗಿ ಡಿಸ್ಕ್ ಅಳಿಸಿ, ಕೆಲವು ವರ್ಷ ಬಿಟ್ಟು ಆ ಕಡತ ತೆಗೆದು ನೋಡಿದರೆ ಒಂದಕ್ಷರ ಕನ್ನಡ ಕಾಣುವುದಿಲ್ಲ. ಕಡತ ಇರುತ್ತದೆ, ಓದಲು ಬರುವುದಿಲ್ಲ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ಸೋದರಮಾವನ ಕಂಪ್ಯೂಟರ್ ಕೈಗೆ ಬಂದಾಗ.

ಮಾವ ದಾವಣಗೆರೆಯಲ್ಲಿ, ಮಂಡಿಪೇಟೆಯ ಹತ್ತಿರ, ತುಂಬಾ ವರ್ಷ ಡಿಟಿಪಿ ಅಂಗಡಿ ನಡೆಸಿದವರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ಬಿಎಡ್ ಹುಡುಗರ ಪ್ರಾಜೆಕ್ಟು, ಮುಚ್ಚಿದ ಗಿರಣಿಯ ಕಾರ್ಮಿಕರು ಬಾಕಿ ಹಣಕ್ಕೆ ಬರೆಸುತ್ತಿದ್ದ ಮನವಿ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ರಾತ್ರಿಯೆಲ್ಲ ಹ್ಯಾಂಡ್‌ಬಿಲ್ಲು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಆ ಗಿರಣಿಗಳು ನಿಂತ ಮೇಲಿನ ಸುಮಾರು ಕಾಗದ ಪತ್ರ ಇಂಥ ಚಿಕ್ಕ ಚಿಕ್ಕ ಅಂಗಡಿಗಳಲ್ಲೇ ಟೈಪ್ ಆಗಿದೆ. ಅಂಗಡಿ ಮುಚ್ಚಿದಾಗ ಮಾವ ಕಂಪ್ಯೂಟರನ್ನು ಮನೆಗೆ ತಂದು ಮೂಲೆಯಲ್ಲಿ ಇಟ್ಟು, ಮೇಲೆ ಒಂದು ಹಳೇ ಟವೆಲ್ ಹೊದಿಸಿದ್ದರು. ಈಗ ಮೊಮ್ಮಗಳು ಪಿಯುಸಿಗೆ ಬಂದಿದ್ದಾಳೆ, ಅವಳಿಗೆ ಟೈಪಿಂಗ್ ಕಲಿಯಲು, ಓದಲು ಬೇಕಂತೆ.

"ಅದ್ರಾಗೆ ಏನೈತಪ್ಪ, ಎಲ್ಲಾ ಹಳೇ ಲಗ್ನಪತ್ರಿಕೆ. ಸುಮ್ನೆ ಒರೆಸಿ ಹಾಕು" ಅಂದರು.

"ಮಾವ, ಒಂದ್ಸಲ ಡಿ ಡ್ರೈವ್ ನೋಡಿಬಿಡ್ತೀನಿ, ತಡೀರಿ" ಅಂದೆ.

ಯಂತ್ರ ಅಸೆಂಬಲ್ಡು. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಜಿಡ್ಡು ಕಟ್ಟಿದ ಕಪ್ಪು ಧೂಳು. ನಮ್ಮೂರಿನ ಬೇಸಿಗೆ ಧೂಳು ಒಂದು ಕಡೆ, ಮಂಡಕ್ಕಿ ಭಟ್ಟಿ ಕಡೆಯಿಂದ ಹಾರಿ ಬರುವ ಕರಿ ಇನ್ನೊಂದು ಕಡೆ. ಬ್ರಷ್ಷಿನಲ್ಲಿ ಒರೆಸಿ, ಪ್ರೊಸೆಸರ್ ಮೇಲೆ ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿ, ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಾಯಿಸಿದೆ. ಈ ನಾಣ್ಯದ ಗಾತ್ರದ 3 ವೋಲ್ಟ್ ಸೆಲ್ಲನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ಗಡಿಯಾರ ಹಳೇ ತಾರೀಖಿಗೆ ಹೋಗಿ ನಿಲ್ಲುತ್ತದೆ. ತಾರೀಖು ತಪ್ಪಾದರೆ ಸುರಕ್ಷಿತ ವೆಬ್ ತಾಣಗಳು ಯಾವುವೂ ತೆರೆಯುವುದಿಲ್ಲ, ಏಕೆಂದರೆ ಅವುಗಳ ಸರ್ಟಿಫಿಕೇಟಿನ ಅವಧಿಯನ್ನು ಬ್ರೌಸರ್ ಕಂಪ್ಯೂಟರಿನ ಗಡಿಯಾರ ನೋಡಿಯೇ ಅಳೆಯುತ್ತದೆ. ಇಂಟರ್ನೆಟ್ ಹೋಗಿದೆ ಅಂತ ಜನ ವೈರ್ ಕಿತ್ತು ಹಾಕುತ್ತಾ ಕೂರುತ್ತಾರೆ.

ಹಾರ್ಡ್ ಡಿಸ್ಕಿನ ಆರೋಗ್ಯ ಅಷ್ಟು ಚೆನ್ನಾಗಿರಲಿಲ್ಲ. ಪ್ರತಿ ಡಿಸ್ಕು ತನ್ನ ಸ್ಥಿತಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್ ಅನ್ನುವ ಸಾಲು ನೋಡಬೇಕು. ಕೆಟ್ಟುಹೋದ ಜಾಗಗಳನ್ನು ಬಿಟ್ಟು ಎಷ್ಟು ಬದಲಿ ಜಾಗ ಬಳಸಿಕೊಂಡಿದೆ ಅನ್ನುವ ಲೆಕ್ಕ ಅದು. ಸೊನ್ನೆ ಇದ್ದರೆ ಒಳ್ಳೆಯದು. ಇದರಲ್ಲಿ ಸೊನ್ನೆ ಇರಲಿಲ್ಲ. ಇಂಥ ಡಿಸ್ಕಿನಿಂದ ಒಂದೊಂದೇ ಫೋಲ್ಡರ್ ಎಳೆದು ಕಾಪಿ ಮಾಡಬಾರದು. ಒಂದು ಕೆಟ್ಟ ಜಾಗಕ್ಕೆ ಸಿಕ್ಕಿಕೊಂಡು ಅಲ್ಲೇ ತಿರುಗಿ ತಿರುಗಿ ಓದಲು ಹೋಗಿ, ಉಳಿದದ್ದನ್ನು ಓದುವಷ್ಟರಲ್ಲಿ ಡಿಸ್ಕೇ ಕೈ ಕೊಡಬಹುದು. ಪೆನ್‌ಡ್ರೈವಿನಿಂದ ಲಿನಕ್ಸ್ ಅನ್ನುವ ಉಚಿತ ಓಎಸ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನುವ ಸಾಧನ ಬಳಸಿದರೆ ಅದು ಮೊದಲು ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಸತಾಯಿಸುವ ಜಾಗಗಳನ್ನು ಗುರುತು ಹಾಕಿಕೊಂಡು ಕೊನೆಗೆ ಮತ್ತೆ ಅಲ್ಲಿಗೆ ಹೋಗುತ್ತದೆ. ಮಧ್ಯೆ ಕರೆಂಟ್ ಹೋದರೂ ಎಲ್ಲಿಗೆ ಬಂದಿತ್ತು ಅನ್ನುವುದು ಮ್ಯಾಪ್ ಕಡತದಲ್ಲಿ ಇರುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಕಡೆ ಬೇಸಿಗೆಯಲ್ಲಿ ಇದು ಸಣ್ಣ ಅನುಕೂಲ ಅಲ್ಲ. ಹೀಗೆ ಇಡೀ ಡಿಸ್ಕಿನ ಪಡಿಯಚ್ಚು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಬಂತು. ಆಮೇಲೆ ಹುಡುಕಾಟವೆಲ್ಲ ಆ ಪಡಿಯಚ್ಚಿನಲ್ಲೇ, ಅದೂ ಓದಲು ಮಾತ್ರ ಬರುವ, ಬರೆಯಲು ಬಾರದ ಹಾಗೆ ತೆರೆದುಕೊಂಡು.

ಒಳಗೆ ಹೋಗಿ ನೋಡಿದರೆ ಮೊದಲು ಕಣ್ಣಿಗೆ ಬಿದ್ದದ್ದು ಬೇರೆಯವರ ಕಾಗದಗಳು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಾಸ್‌ಪೋರ್ಟ್ ಸೈಜ್ ಫೋಟೋಗಳ ರಾಶಿ. ಸ್ಕ್ಯಾನ್ ಮಾಡಿ ಪ್ರಿಂಟ್ ಕೊಟ್ಟ ಮೇಲೆ ಅಳಿಸುವ ಅಭ್ಯಾಸ ಯಾವ ಅಂಗಡಿಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ಈ ಡಿಸ್ಕ್ ಗುಜರಿಗೆ ಹೋಗಿದ್ದರೆ ನೂರಾರು ಮನೆಗಳ ಗುಟ್ಟು ಅದರ ಜೊತೆ ಹೋಗುತ್ತಿತ್ತು. ಅವುಗಳನ್ನು ನಾನು ತೆರೆದು ನೋಡಲು ಹೋಗಲಿಲ್ಲ. ಫೋಲ್ಡರಿನ ಹೆಸರು, ಥಂಬ್‌ನೇಲ್ ನೋಡಿದರೇ ಗೊತ್ತಾಗುತ್ತಿತ್ತು. ಅವು ಅಳಿಯಬೇಕಾದವು, ಪಡಿಯಚ್ಚಿನಿಂದಲೂ ಅಳಿಯಬೇಕಾದವು.

ಲಗ್ನಪತ್ರಿಕೆಗಳಂತೂ ಇದ್ದವು, ಮಾವ ಹೇಳಿದ್ದು ಸುಳ್ಳಲ್ಲ. ಆದರೆ ಅವುಗಳ ಮಧ್ಯೆ ಇಂಗ್ಲಿಷಿನಲ್ಲಿ ಬರೀ "ಮೇಷ್ಟ್ರು" ಅಂತ ಹೆಸರಿಟ್ಟ ಒಂದು ಫೋಲ್ಡರ್ ಇತ್ತು. ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ನೆನಪು ಮಾಡಿಕೊಂಡರು. ಜಗಳೂರು ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ತಮ್ಮ ಊರಿನ ಹೆಂಗಸರು ಹಾಡುತ್ತಿದ್ದ ಸೋಬಾನೆ ಪದ, ಬೀಸುವ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಬಂದು ಟೈಪ್ ಮಾಡಿಸಿದ್ದರಂತೆ. ಪುಟಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು, ಪ್ರೂಫ್ ತಿದ್ದಿ, ಪುಸ್ತಕ ಮಾಡಿಸಬೇಕು ಅಂತ ಆಸೆ ಇಟ್ಟುಕೊಂಡಿದ್ದರಂತೆ. ಪುಸ್ತಕ ಆಗಲಿಲ್ಲ. ಮೇಷ್ಟ್ರು ತೀರಿಕೊಂಡರು. ನೋಟ್‌ಬುಕ್ಕುಗಳು ಏನಾದವೋ ಮಾವನಿಗೆ ಗೊತ್ತಿಲ್ಲ.

ಕಡತ ತೆಗೆದೆ. ಮೊದಲ ಪುಟದ ಮುನ್ನುಡಿಯಲ್ಲಿ ಊರಿನ ವಿಳಾಸ ಕೊಟ್ಟಿದ್ದಾರೆ, ಜಗಳೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಆಗ ಜಗಳೂರು ಈ ಕಡೆ ಬಂತು. ಅಂದರೆ ಮೇಷ್ಟ್ರು ಆ ಮುನ್ನುಡಿಯನ್ನು ಅದಕ್ಕೂ ಮುಂಚೆ ಬರೆದಿರಬೇಕು, ಇಲ್ಲವೇ ಹಳೇ ಜಿಲ್ಲೆಯ ಹೆಸರೇ ಅವರ ಕೈಗೆ ಕೂತಿರಬೇಕು. ಕೊನೆಯ ಪುಟದಲ್ಲಿ ಹಾಡಿದ ಹೆಂಗಸರ ಹೆಸರಿನ ಪಟ್ಟಿ. ಪ್ರತಿ ಹೆಸರಿನ ಮುಂದೆ ಯಾರ ಮನೆಯವರು, ತವರು ಯಾವ ಊರು, ಯಾವ ಪದ ಯಾರ ಬಾಯಿಂದ ಬಂತು, ಎಲ್ಲ ಇದೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಒಂದು ಟವೆಲ್ಲಿನ ಕೆಳಗೆ ಇತ್ತು.

ಹುಡುಕಿದ್ದು ಪಡಿಯಚ್ಚಿನಲ್ಲಾದರೂ, ಇದನ್ನೆಲ್ಲ ನಾನು ಓದಿದ್ದು ಮಾತ್ರ ಎಕ್ಸ್‌ಪಿಯಲ್ಲೇ, ಆ ಕಂಪ್ಯೂಟರಿನಲ್ಲೇ. ಅದೇ ಕಡತವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದರೆ ಕಂಡದ್ದು ಬೇರೆ. ಕನ್ನಡ ಅನ್ನುವ ಪದ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೀಟು ಇರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯು, ಮತ್ತೆ ಎ. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಕಡತ ತೆಗೆದವರಿಗೆ ಇದು ಚೆನ್ನಾಗಿ ಗೊತ್ತು.

ಇದು ಯಾಕೆ ಹೀಗೆ ಅಂದರೆ, ಆಗಿನ ಕನ್ನಡ ತಂತ್ರಾಂಶಗಳಲ್ಲಿ ಕಡತದೊಳಗೆ ಕನ್ನಡ ಇರುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ 256 ಜಾಗಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಒಂದು ಜಾಗದಲ್ಲಿ ತಲೆಕಟ್ಟು, ಒಂದರಲ್ಲಿ ಅಕ್ಷರದ ಒಡಲು, ಒಂದರಲ್ಲಿ ಒತ್ತು. ಫಾಂಟ್ ಇದ್ದರೆ ಅವು ಸೇರಿ ಕನ್ನಡವಾಗಿ ಕಾಣುತ್ತವೆ, ಫಾಂಟ್ ಇಲ್ಲದಿದ್ದರೆ ಅವು ಪಿ, ಎ, ಪೌಂಡು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ಬರಹ, ಇವುಗಳಿಂದಲೇ ನಮ್ಮ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತದ್ದು. ಅವರನ್ನು ದೂರುವ ಮಾತೇ ಇಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಅಂತಲೇ 128 ಜಾಗಗಳ ಮನೆ ಆಗಲೇ ಇತ್ತು, ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಯೂನಿಕೋಡ್ ಕನ್ನಡ ಫಾಂಟೂ ಇತ್ತು. ಆದರೆ ಡಿಟಿಪಿ ಅಂಗಡಿಗಳು ನಡೆಯುತ್ತಿದ್ದದ್ದು ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ತಂತ್ರಾಂಶದ ಮೇಲೆ. ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಿರಲಿಲ್ಲ. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ, ಅದಕ್ಕೂ ಬರಲಿಲ್ಲ. ಹಾಗಾಗಿ ಊರೂರಿನ ಅಂಗಡಿಗಳಲ್ಲಿ, ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಟೈಪ್ ಆದ ಕನ್ನಡ ಎಲ್ಲ ಈ ಹಳೇ ಸಂಕೇತದಲ್ಲೇ ಕೂತಿದೆ. ಗೂಗಲ್ ಅದನ್ನು ಹುಡುಕಲಾರದು, ಫೋನ್ ಅದನ್ನು ತೋರಿಸಲಾರದು.

ಪರಿವರ್ತನೆ ಮಾಡುವ ತಂತ್ರಾಂಶಗಳಿವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಪಠ್ಯ ಅಂಟಿಸಿ ಬಟನ್ ಒತ್ತಿದರೆ ಯೂನಿಕೋಡ್ ಕನ್ನಡ ಬರುತ್ತದೆ. ಆದರೆ ಬಂದದ್ದನ್ನು ಕೂತು ಓದಲೇಬೇಕು. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಅರ್ಕಾವತ್ತು. ಹಳೇ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಹಾಗೆ ರ್ ಮೊದಲು ಬರಬೇಕು. ಈ ಜಾಗ ಬದಲಾವಣೆ ಸರಿಯಾಗಿ ಆಗದಿದ್ದರೆ ವರ್ಷ ಹೋಗಿ ವಷರ್ ಆಗುತ್ತದೆ, ಕರ್ನಾಟಕ ಹೋಗಿ ಕನರ್ಾಟಕ ಆಗುತ್ತದೆ. ಎಷ್ಟೋ ಕನ್ನಡ ತಾಣಗಳಲ್ಲಿ ನೀವು ಇದನ್ನು ನೋಡಿರುತ್ತೀರಿ, ಅಲ್ವಾ? ಅದು ಟೈಪ್ ಮಾಡಿದವರ ತಪ್ಪಲ್ಲ, ಪರಿವರ್ತನೆ ಆದ ಮೇಲೆ ಯಾರೂ ಓದಿಲ್ಲ ಅಷ್ಟೇ.

ಮೇಷ್ಟ್ರ ಕಡತದಲ್ಲಿ ಅರ್ಕಾವತ್ತು ಹೆಜ್ಜೆಗೊಂದು. ಆಡುಮಾತಿನ ಪದಗಳಲ್ಲವೇ, ಬರ್ತಾಳ, ತರ್ತಾಳ, ಕರ್ಕೊಂಡು, ಮುರ್ಕೊಂಡು. ಒಂದು ಪದದಲ್ಲಿ ಸೊಸೆ ಬತರ್ಾಳ ಅಂತ ಆಗಿತ್ತು. ಇದನ್ನೆಲ್ಲ ಹುಡುಕಿ ಬದಲಿಸುವ ಆಯ್ಕೆಯಿಂದ ಒಂದೇ ಏಟಿಗೆ ತಿದ್ದಬಹುದಿತ್ತು, ತಿದ್ದಿದೆ ಕೂಡ, ಆಮೇಲೂ ಮಾವನ ಜೊತೆ ಕೂತು ಹಳೇ ಕಂಪ್ಯೂಟರಿನ ತೆರೆಯನ್ನೂ ಲ್ಯಾಪ್‌ಟಾಪನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ನೋಡಿದೆವು. ಮಾವ ಓದುವುದು, ನಾನು ತಿದ್ದುವುದು. ಹಾಡಿನಲ್ಲಿ ಒಂದೇ ಪದವನ್ನು ಮೇಷ್ಟ್ರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದರು. ಅವನ್ನು ಒಂದೇ ಮಾಡೋಣ ಅಂದೆ. ಮಾವ ಬೇಡ ಅಂದರು. "ಹಾಡಿದಾಕಿ ಬೇರೆ ಇದ್ದಾಳಪ್ಪ. ಮೇಷ್ಟ್ರು ಆವಾಗ್ಲೇ ಹೇಳಿದ್ರು, ಬಾಯಾಗೆ ಹೆಂಗ್ ಬಂತೋ ಹಂಗೇ ಇರ್ಲಿ ಅಂತ." ಮಾವನಿಗೆ ಅದು ಇನ್ನೂ ನೆನಪಿತ್ತು. ಹಾಗೇ ಬಿಟ್ಟೆವು.

ಇನ್ನೊಂದು ಮಾತು. ಕಡತದಲ್ಲಿ ಮಧ್ಯೆ ಮಧ್ಯೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಚೂರುಗಳು ಅಂದುಕೊಂಡು ಕಲಸಿ ಹಾಕುತ್ತದೆ. ಅವನ್ನು ಮೊದಲೇ ಗುರುತು ಹಾಕಿಕೊಳ್ಳಿ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನಂತೂ ಮರೆಯದೆ ಕಾಪಿ ಮಾಡಿ. ಪರಿವರ್ತನೆ ಮಾಡದೆ ಉಳಿದ ಕಡತಗಳನ್ನು ಮುಂದೆ ಯಾವತ್ತಾದರೂ ಓದಲು ಆ ಫಾಂಟುಗಳೇ ಬೀಗದ ಕೈ. ಪೇಜ್‌ಮೇಕರ್ ಕಡತಗಳಿದ್ದರೆ ಹಳೇ ಯಂತ್ರ ನಡೆಯುತ್ತಿರುವಾಗಲೇ ಒಂದು ಪಿಡಿಎಫ್ ಮಾಡಿ, ಪಠ್ಯವನ್ನು ಬೇರೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳುವುದು ವಾಸಿ. ಲಿಬ್ರೆ ಆಫೀಸ್ ಪೇಜ್‌ಮೇಕರ್ ಕಡತಗಳನ್ನು ತೆರೆಯಲು ಪ್ರಯತ್ನ ಮಾಡುತ್ತದೆ, ಆದರೆ ಕನ್ನಡದ ಪುಟಗಳಿಗೆ ಅದನ್ನೇ ನಂಬಿಕೊಂಡು ಕೂರಬೇಡಿ.

ಇಷ್ಟಾದ ಮೇಲೆ ಅಳಿಸುವ ಕೆಲಸ. ಫಾರ್ಮ್ಯಾಟ್ ಹೊಡೆದರೆ ಎಲ್ಲ ಹೋಯಿತು ಅಂತ ಜನ ನಂಬಿದ್ದಾರೆ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ವಿಷಯಸೂಚಿಯ ಪುಟ ಮಾತ್ರ ಹರಿದ ಹಾಗೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಎಕ್ಸ್‌ಪಿಯ ಫುಲ್ ಫಾರ್ಮ್ಯಾಟ್ ಕೂಡ ಕೆಟ್ಟ ಸೆಕ್ಟರ್ ಇದೆಯಾ ಅಂತ ಓದಿ ನೋಡುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ. ವಿಸ್ಟಾದಿಂದ ಈಚೆಗೆ ಮಾತ್ರ ಫುಲ್ ಫಾರ್ಮ್ಯಾಟ್ ಸೊನ್ನೆ ಬರೆಯಲು ಶುರು ಮಾಡಿದ್ದು. ಹಾಗಾಗಿ ಬೇರೆಯವರ ಅಂಕಪಟ್ಟಿ, ಪಾಸ್‌ಬುಕ್ಕು ಇರುವ ಡಿಸ್ಕಿನ ಮೇಲೆ ಮೊದಲಿಂದ ಕೊನೆಯವರೆಗೆ ಸೊನ್ನೆ ಬರೆಯಬೇಕು. ಲಿನಕ್ಸಿನ ಡಿಡಿ ಆಜ್ಞೆ ಸಾಕು. 160 ಜಿಬಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. 35 ಸಲ ಬರೆಯಬೇಕು ಅನ್ನುವ ಮಾತು 1996ರ ಒಂದು ಪ್ರಬಂಧದಿಂದ ಬಂದದ್ದು, ಅದು ಆಗಿನ ಡಿಸ್ಕುಗಳ ಕಾಲ. ಈಗಿನ ಹಾರ್ಡ್ ಡಿಸ್ಕಿಗೆ ಒಂದೇ ಸಲ ಸಾಕು. ತಿರುಗುವ ತಟ್ಟೆ ಇಲ್ಲದೆ ಚಿಪ್ಪುಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಗೆ ಈ ಉಪಾಯ ನಡೆಯುವುದಿಲ್ಲ, ಅದು ಸವೆತ ಹಂಚಿಕೊಳ್ಳಲು ಬರೆಯುವ ಜಾಗವನ್ನು ತಾನೇ ಬದಲಾಯಿಸುತ್ತಾ ಇರುತ್ತದೆ. ಅದಕ್ಕೆ ಸೆಕ್ಯೂರ್ ಇರೇಸ್ ಅನ್ನುವ ಬೇರೆ ಆಜ್ಞೆ ಇದೆ.

ಡಿಡಿ ಯಾರ ಮುಖವನ್ನೂ ನೋಡುವುದಿಲ್ಲ. ಯಾವ ಡಿಸ್ಕ್ ಹೆಸರು ಹೇಳುತ್ತೀರೋ ಅದನ್ನು ಕೇಳದೆ ಅಳಿಸುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಇಡುವ ಹೆಸರುಗಳಲ್ಲಿ ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಅಂತ ಗಾತ್ರ ಮತ್ತು ಮಾಡೆಲ್ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನಾನಂತೂ ಪಡಿಯಚ್ಚು ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟು ಬಂದೇ ಎಂಟರ್ ಒತ್ತಿದ್ದು.

ಹೊಸ ಓಎಸ್ ಯಾವುದು ಅನ್ನುವುದರಲ್ಲಿ ನನಗೆ ಹೆಚ್ಚು ಗೊಂದಲ ಇರಲಿಲ್ಲ. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಹರಡಿದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಒಂದು ತೇಪೆ ಬಿಟ್ಟಿತು, ಅಷ್ಟು ಗಂಭೀರ ಆಗಿತ್ತು. ಅದನ್ನು ಈಗ ಇಂಟರ್ನೆಟ್ಟಿಗೆ ಹಚ್ಚುವ ಮಾತೇ ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು, ಅದರ 24ಎಚ್2 ಆವೃತ್ತಿಯಿಂದ ಈಚೆಗೆ ಕೋರ್ 2 ಡ್ಯುಯೋದಲ್ಲಿ ಇಲ್ಲದ ಪ್ರೊಸೆಸರ್ ಸೂಚನೆಗಳೇ (ಇನ್‌ಸ್ಟ್ರಕ್ಷನ್) ಬೇಕು, ಹೇಗೆ ತಿಣುಕಿದರೂ ಬೂಟ್ ಆಗುವುದಿಲ್ಲ. ಗಲ್ಲಿ ಅಂಗಡಿಯಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸುವುದು ಎಲ್ಲರೂ ಮಾಡುವ ಕೆಲಸ. ಆ ಆ್ಯಕ್ಟಿವೇಟರುಗಳ ಜೊತೆ ಏನೇನು ಒಳಗೆ ಬರುತ್ತದೆ ಅನ್ನುವುದು ಹಾಕಿದವರಿಗೂ ಗೊತ್ತಿರುವುದಿಲ್ಲ. ಓದುವ ಹುಡುಗಿಯ ಕೈಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸಿಲ್ಲ.

ಹಾಕಿದ್ದು ಲಿನಕ್ಸ್ ಮಿಂಟ್ 22, ಹಳೇ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರ ತನಕ ಅಪ್‌ಡೇಟ್ ಬರುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು ಅನ್ನುತ್ತಾರೆ, ಆದರೆ ಬ್ರೌಸರ್ ತೆರೆದ ಕೂಡಲೇ 2 ಜಿಬಿ ಎಲ್ಲಿಗೂ ಸಾಲುವುದಿಲ್ಲ. ಹಳೇ ಡಿಡಿಆರ್2 ಕಡ್ಡಿಗಳನ್ನು ಹುಡುಕಿ 4 ಜಿಬಿ ಮಾಡಿದೆ, ಹಳೇ ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ. ಹಳೇ ಯಂತ್ರಕ್ಕೆ ದುಡ್ಡು ಹಾಕುವುದಿದ್ದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ, ಬೇರೆ ಯಾವುದರಲ್ಲೂ ಇಷ್ಟು ವ್ಯತ್ಯಾಸ ಕಾಣುವುದಿಲ್ಲ. ಪ್ರೊಸೆಸರ್ 32 ಬಿಟ್ ಆಗಿದ್ದರೆ ಮಾತ್ರ ದಾರಿ ಕಷ್ಟ. ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

ಕೀಬೋರ್ಡ್ ವಿಷಯದಲ್ಲಿ ಮಾವನಿಗೆ ಅನುಮಾನ ಇತ್ತು. ಇಷ್ಟು ವರ್ಷ ನುಡಿಯಲ್ಲಿ ಕೂತ ಬೆರಳು ಬೇರೆ ಕಡೆ ಓಡುವುದಿಲ್ಲ ಅಂತ. ಸೆಟ್ಟಿಂಗ್ಸಿನಲ್ಲಿ ಕನ್ನಡ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಅನ್ನುವ ವಿನ್ಯಾಸ ಸೇರಿಸಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದೇ ಅದು, ನುಡಿಯಲ್ಲಿ ಬಳಸುತ್ತಿದ್ದ ವಿನ್ಯಾಸದ ಬಳಗದ್ದೇ. ಮಾವ ಕನ್ನಡಕ ಏರಿಸಿಕೊಂಡು ಕೂತು ಕೆ ಎಫ್ ಕೆ ಒತ್ತಿದರು. ಕ್ಕ ಬಂತು. ಆಮೇಲೆ ಅಂಗಡಿಯ ಹೆಸರು, ವಿಳಾಸ, "ಎಲ್ಲಾ ರೀತಿಯ ಡಿಟಿಪಿ ಕೆಲಸ ಮಾಡಿಕೊಡಲಾಗುವುದು" ಅನ್ನುವ ಸಾಲು ಒಂದೇ ಉಸಿರಿಗೆ ಹೊಡೆದರು. ಈಗ ಮೊಮ್ಮಗಳಿಗೆ ಟೈಪಿಂಗ್ ಕಲಿಸುತ್ತಿರುವುದು ಅವರೇ.

ಮೇಷ್ಟ್ರ ಮಗಳ ನಂಬರನ್ನು ಮಾವ ಯಾರು ಯಾರನ್ನೋ ಕೇಳಿ ಹುಡುಕಿದರು. ಚಿತ್ರದುರ್ಗದಲ್ಲಿದ್ದಾರೆ. ಅವರ ಫೋನಿಗೆ ಇಡೀ ಸಂಗ್ರಹ ಕಳಿಸಿದೆವು. ಅಪ್ಪ ಟೈಪ್ ಮಾಡಿಸಿದ್ದು ಗೊತ್ತಿತ್ತಂತೆ, ಎಲ್ಲಿ ಅಂತ ಗೊತ್ತಿರಲಿಲ್ಲ. ಹಾಡಿದವರ ಪಟ್ಟಿಯಲ್ಲಿ ತಮ್ಮ ಅಜ್ಜಿಯ ಹೆಸರು ಇರುವುದನ್ನು ಅವರೇ ತೋರಿಸಿದರು. ಪಟ್ಟಿಯಲ್ಲಿ ಒಬ್ಬರ ತವರೂರು ತಪ್ಪಾಗಿದೆ ಅಂತ ತಿದ್ದಿ ಕಳಿಸಿದ್ದಾರೆ, ಇನ್ನೂ ಎರಡು ಪದಗಳ ಪೂರ್ತಿ ಸಾಲು ತಮ್ಮ ಚಿಕ್ಕಮ್ಮನಿಗೆ ಬರುತ್ತದೆ, ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂದಿದ್ದಾರೆ. ಪುಸ್ತಕ ಮಾಡುವ ಮಾತು ಮತ್ತೆ ಶುರುವಾಗಿದೆ.

ಪೇಜ್‌ಮೇಕರ್ ಫೋಲ್ಡರಿನ ಕೆಲಸ ಇನ್ನೂ ಅರ್ಧ ಬಾಕಿ ಇದೆ. ಮಾವನ ಜೊತೆಯಲ್ಲೇ ಅಂಗಡಿ ಇಟ್ಟಿದ್ದ ಇನ್ನಿಬ್ಬರು ಡಿಟಿಪಿಯವರಿದ್ದಾರೆ, ಒಬ್ಬರು ಹರಿಹರದಲ್ಲಿ. ಅವರ ಹಳೇ ಸಿಪಿಯು ಅಟ್ಟದ ಮೇಲಿದೆಯಂತೆ, ದೀಪಾವಳಿಗೆ ಮನೆ ಗುಡಿಸುವಾಗ ಗುಜರಿಗೆ ಹಾಕುತ್ತೇವೆ ಅಂದರಂತೆ. ಮಾವ ಫೋನ್ ಮಾಡಿ ತಡೆದಿದ್ದಾರೆ. ಬರುವ ಭಾನುವಾರ ಎಕ್ಸ್‌ಟರ್ನಲ್ ಡಿಸ್ಕ್ ಹಿಡಿದುಕೊಂಡು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ.